ಎಡಗಡೆ ಸೀಟಿನಿಂದ ಹೇಳಿದ ದಾರಿ

ನಮ್ಮ ಕೊಪ್ಪದ ಕಡೆ ಇವತ್ತಿಗೂ ಒಂದು ಮಾತಿದೆ. ದೇಶಮಟ್ಟದ ಕಾರ್ ರೇಸಿಗೆ ಹೋಗುವ ಅವಕಾಶ ಗಂಡನ ಮನೆಬಾಗಿಲಿಗೆ ಬಂದಿತ್ತು, ಹೆಂಡತಿ ಹೆದರಿ ಅಡ್ಡಗಾಲು ಹಾಕಿದಳು ಅಂತ. ಆ ಹೆಂಡತಿ ನಾನೇ. ಮದುವೆಮನೆ, ತಿಥಿಮನೆ, ಸೊಸೈಟಿಯ ಕ್ಯೂ, ಎಲ್ಲಿ ಹೋದರೂ ಯಾರಾದರೊಬ್ಬರು ನಗುತ್ತಾ ಕೇಳುತ್ತಿದ್ದರು, ನಾನೂ ನಗುತ್ತಾ ಹೌದೆನ್ನುತ್ತಿದ್ದೆ. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಯಾರ ಮರ್ಯಾದೆ ಕಾಯುವುದಕ್ಕೂ ನಾನು ಪುಕ್ಕಲಿಯಾಗಿ ಕಾಣಬೇಕಿಲ್ಲ. ಹಾಗಾಗಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನ ಗಂಡ ಬಸ್ ಡ್ರೈವರ್. ಕೊಪ್ಪದಿಂದ ಶೃಂಗೇರಿ, ಶೃಂಗೇರಿಯಿಂದ ಬಾಳೆಹೊನ್ನೂರು, ಅಲ್ಲಿಂದ ನರಸಿಂಹರಾಜಪುರ, ತಿರುಗಿ ಕೊಪ್ಪ. ಇಪ್ಪತ್ತೆರಡು ವರ್ಷ ಇದೇ ಸುತ್ತು. ಖಾಸಗಿ ಬಸ್ಸಿನವರಿಗೆ ದೇವರಿಗಿಂತ ದೊಡ್ಡದು ಟೈಮಿಂಗ್ಸ್. ಹಿಂದೊಂದು ಬಸ್ಸು, ಮುಂದೊಂದು ಬಸ್ಸು, ನಡುವೆ ಐದೋ ಆರೋ ನಿಮಿಷ. ಎರಡು ನಿಮಿಷ ಬೇಗ ಹೋದರೆ ಮುಂದಿನವನು ತನ್ನ ಜನ ಹತ್ತಿಸಿಕೊಂಡ ಅಂತ ಸ್ಟ್ಯಾಂಡಿನಲ್ಲಿ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ. ತಡವಾದರೆ ಮಾಲೀಕರ ಬೈಗುಳ. ಇವರು ಯಾರ ಹತ್ತಿರವೂ ಬೈಸಿಕೊಂಡವರಲ್ಲ. ಯಾವ ಮೋರಿಯ ಹತ್ತಿರ ಎಷ್ಟು ಗಂಟೆಗೆ ಇರಬೇಕೋ ಅಷ್ಟಕ್ಕೇ ಇರುತ್ತಿದ್ದರು, ವಾಚು ನೋಡದೆ.

ನಮ್ಮ ಮನೆ ಕೊಪ್ಪದಿಂದ ಮೂರು ಮೈಲಿ ಆಚೆ, ರಸ್ತೆಯ ತಿರುವಿನಲ್ಲೇ. ಹನ್ನೊಂದು ನಲವತ್ತಕ್ಕೆ ಆ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅದು ನನಗೆ. ನಾನು ಅನ್ನಕ್ಕಿಡುತ್ತಿದ್ದೆ. ಬಸ್ಸು ಕೊಪ್ಪ ಮುಟ್ಟಿ, ಜನ ಇಳಿದು, ಇವರು ಸೈಕಲ್ ಹತ್ತಿ ಮನೆಗೆ ಬರುವಷ್ಟರಲ್ಲಿ ಅನ್ನ ಬೆಂದು ಹದವಾಗಿರುತ್ತಿತ್ತು. ಅಕ್ಕಪಕ್ಕದ ಮನೆಯವರು ಆ ಹಾರ್ನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹೊಸದಾಗಿ ಮದುವೆಯಾದಾಗ ನನಗೆ ಅದೊಂದು ನಾಚಿಕೆ, ಆಮೇಲೆ ಅದೇ ಒಂದು ಜಂಬ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಸಂಜೆ ಬಂದವರೇ, "ಇನ್ನು ಬಸ್ಸು ಸಾಕು ಮಾರಾಯ್ತಿ. ಬೆನ್ನು ಹಿಡ್ಕೊಂಡಿದೆ" ಅಂದರು. ಐವತ್ತು ತುಂಬಿರಲಿಲ್ಲ ಇನ್ನೂ. ದೊಡ್ಡಾಸ್ಪತ್ರೆಗೂ ಒಬ್ಬರೇ ಹೋಗಿ ತೋರಿಸಿಕೊಂಡು ಬಂದರು. ಮದ್ದಿಲ್ಲವಂತೆ, ಸುಮ್ಮನಿರಬೇಕಂತೆ ಅಂದರು. ನಾನು ಖುಷಿಪಟ್ಟೆ. ಗದ್ದೆ ಸ್ವಲ್ಪ ಇತ್ತು, ಕಾಫಿ ಸ್ವಲ್ಪ ಇತ್ತು, ಇಬ್ಬರಿಗೆ ಸಾಲುತ್ತಿತ್ತು. ಮಕ್ಕಳಾಗಲಿಲ್ಲ ನಮಗೆ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಬಸ್ಸು ಬಿಟ್ಟರೂ ಕೈ ಸುಮ್ಮನಿರಬೇಕಲ್ಲ. ಹಳೇ ಮಾರುತಿ ಕಾರೊಂದನ್ನು ತಂದರು. ನನ್ನ ತವರು ಮೇಗುಂದಕ್ಕೆ, ಬಾಳೆಹೊನ್ನೂರಿನ ಸಂತೆಗೆ, ಶೃಂಗೇರಿಗೆ, ಎಲ್ಲಿಗೆ ಹೊರಟರೂ ಎಡಗಡೆ ಸೀಟಿನಲ್ಲಿ ನಾನು. "ನೀನೂ ಕಲ್ತ್ಕೋ, ನಾ ಹೇಳ್ಕೊಡ್ತೀನಿ" ಅಂತ ಎಷ್ಟೋ ಸಲ ಅಂದಿದ್ದರು. ಸೀರೆ ಉಟ್ಟುಕೊಂಡು ಕ್ಲಚ್ಚು ತುಳಿಯಲಾ ಅಂತ ನಾನು ನಕ್ಕುಬಿಡುತ್ತಿದ್ದೆ. ಕಲಿಯಲಿಲ್ಲ. ಅದೊಂದು ನಗು ನನಗೆ ಎಷ್ಟು ದುಬಾರಿ ಬಿತ್ತು ಅನ್ನುವುದು ಕೊನೆಗೆ ಬರುತ್ತದೆ.

ಕಾರಿನಲ್ಲಿ ಕೂತರೆ ಅವರದ್ದೊಂದೇ ಕರಾರು. "ಸುಮ್ನೆ ಕೂರ್ಬೇಡ. ರಸ್ತೇಲಿ ಎಂತೆಂತ ಇದೆ ಹೇಳ್ತಾ ಬಾ. ಇಲ್ದಿದ್ರೆ ನಂಗೆ ನಿದ್ದೆ ಬರ್ತದೆ."

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಚಿಕ್ಕಂದಿನಿಂದ ವಟಗುಟ್ಟುತ್ತೀಯ ಅಂತ ಅಮ್ಮನಿಂದ ಏಟು ತಿಂದವಳು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಗಂಡನಾದವನು ಮಾತಾಡು ಅಂತ ಕೇಳಿಕೊಂಡರೆ ಬಿಡುತ್ತೇನೆಯೇ? ಎದುರಿಗೆ ಜೀಪು. ಎಡಕ್ಕೆ ಹೊಂಡ. ದನ ಮಲಗಿದೆ, ಕರಿದು, ಬಾಲ ರಸ್ತೆ ಮೇಲಿದೆ. ಛತ್ರಿ ಹಿಡಿದ ಅಜ್ಜಯ್ಯ ಒಬ್ಬರು, ನಮ್ಮ ಕಡೆ ನೋಡ್ತಿಲ್ಲ. ಹೀಗೆ ಮೂರು ವರ್ಷ ಹೇಳಿದೆ. ಅವರು ಹೂಂಗುಟ್ಟುತ್ತಾ ಹಗುರವಾಗಿ ಓಡಿಸುತ್ತಿದ್ದರು. ಇಬ್ಬರೂ ಸುಖವಾಗಿದ್ದೆವು.

ರೇಸಿನ ಸುದ್ದಿ ಬಂದದ್ದು ಆಮೇಲೆ. ಜಿಲ್ಲೆಯ ಕ್ಲಬ್ಬೊಂದರವರು ನಮ್ಮ ಮೂರು ತಾಲ್ಲೂಕಿನ ರಸ್ತೆಯಲ್ಲಿ ಕಾರುಗಳ ಸ್ಪರ್ಧೆ ಇಟ್ಟಿದ್ದರು. ಊರವರೆಲ್ಲ ಅದನ್ನು ರೇಸು ಅನ್ನುತ್ತಿದ್ದರೂ ಅದು ಧೂಳೆಬ್ಬಿಸಿ ನುಗ್ಗುವ ರೇಸಲ್ಲ. ಇಂತಿಂಥ ಕಡೆಯಿಂದ ಇಂತಿಂಥ ಕಡೆಗೆ ಇಷ್ಟೇ ವೇಗದಲ್ಲಿ ಹೋಗಬೇಕು ಅಂತ ಹಾಳೆಯಲ್ಲಿ ಬರೆದುಕೊಡುತ್ತಾರೆ. ದಾರಿಯಲ್ಲಿ ಎಲ್ಲೆಲ್ಲೋ ಮರೆಯಲ್ಲಿ ಗಡಿಯಾರ ಹಿಡಿದು ಕೂತಿರುತ್ತಾರೆ. ಬೇಗ ಬಂದರೂ ತಪ್ಪು, ತಡವಾಗಿ ಬಂದರೂ ತಪ್ಪು. ಕಾರಿಗೆ ಇಬ್ಬರು. ಒಬ್ಬರು ಓಡಿಸುವವರು, ಇನ್ನೊಬ್ಬರು ಹಾಳೆ ಓದಿ ದಾರಿ ಹೇಳುವವರು. ಹವ್ಯಾಸಿಗಳಿಗೆ ಅಂತಲೇ ಬೇರೆ ವಿಭಾಗ ಇತ್ತು, ಮನೆಯ ಕಾರೇ ಸಾಕು. ಕ್ಲಬ್ಬಿನ ಕಾರ್ಯದರ್ಶಿ ದಾರಿ ಕೇಳಲು ಇವರ ಹತ್ತಿರ ಬಂದವನು, ಇವರು ಯಾವ ತಿರುವು ಎಷ್ಟನೇ ನಿಮಿಷಕ್ಕೆ ಅಂತ ಕಣ್ಣುಮುಚ್ಚಿ ಹೇಳಿದ್ದು ಕೇಳಿ ಬೆರಗಾಗಿ, "ನೀವೇ ಯಾಕೆ ಬರಬಾರದು ಸಾರ್?" ಅಂದ. ಬಸ್ಸಿನ ಡ್ರೈವರಿಗೆ ಸಾರ್ ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಇವರು ಉಬ್ಬಿಹೋದರು.

ಪಕ್ಕದಲ್ಲಿ ಕೂರಲು ನಾನೇ ಬೇಕು ಅಂತ ಹಟ. ಓದಿಕೊಂಡವರು ಯಾರನ್ನಾದರೂ ಕೂರಿಸಿಕೊಳ್ಳಿ ಅಂದೆ. "ಬೇರೆಯೋರು ಕೂತ್ರೆ ನಂಗೆ ಆಗಲ್ಲ. ನೀ ಬಾ" ಅಂದರು. ಪ್ರೀತಿ ಅಂದುಕೊಂಡೆ.

ಹೆಲ್ಮೆಟ್ ಹಾಕಲೇಬೇಕು ಅಂದರು. ನನ್ನ ತುರುಬಿನ ಮೇಲೆ ಅದು ಕೂರಲೊಲ್ಲದು. ಕೊಪ್ಪದ ಮೈದಾನದಲ್ಲಿ ನೂರಾರು ಜನರೆದುರು ತುರುಬು ಬಿಚ್ಚಿ ಜಡೆ ಹಾಕಿಕೊಂಡು ಹೆಲ್ಮೆಟ್ ತೊಟ್ಟೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಬಾಯಿಲೆಕ್ಕದಲ್ಲಿ ಮಾಸ್ತರರೇ ನನ್ನನ್ನು ಕೇಳುತ್ತಿದ್ದರು. ಹಾಳೆಯಲ್ಲಿನ ಕಿಲೋಮೀಟರನ್ನು ನಿಮಿಷಕ್ಕೆ ತಿರುಗಿಸುವುದು ನನಗೆ ನೀರು ಕುಡಿದಷ್ಟು ಸುಲಭವಾಯಿತು. ಹಾಳೆ ನೋಡುವುದು, ವಾಚು ನೋಡುವುದು, ರಸ್ತೆ ನೋಡಿ ಹೇಳುವುದು. ಹರಿಹರಪುರದ ಸೇತುವೆ ಸರಿಯಾದ ನಿಮಿಷಕ್ಕೆ. ಶೃಂಗೇರಿ ಸರಿಯಾದ ನಿಮಿಷಕ್ಕೆ. ಜಯಪುರ, ಬಾಳೆಹೊನ್ನೂರು, ಎಲ್ಲ ಇವರ ಹಳೇ ಟೈಮಿಂಗ್ಸೇ. ಬೆಂಗಳೂರಿನಿಂದ ಬಂದ ದೊಡ್ಡ ದೊಡ್ಡ ಕಾರುಗಳು ನಮ್ಮ ತಿರುವುಗಳಲ್ಲಿ ತಿಣುಕುತ್ತಿದ್ದವು. ನಾವು ಸಂತೆಗೆ ಹೋದ ಹಾಗೆ ಹೋದೆವು.

ನರಸಿಂಹರಾಜಪುರ ದಾಟಿ ಸೀತೂರಿನ ಕಡೆಯಿಂದ ಕೊಪ್ಪಕ್ಕೆ ಮರಳುವಾಗ ಆದದ್ದು ಅದೊಂದು. ಅಲ್ಲೊಂದು ಕಡೆ ರಸ್ತೆ ಬಲಕ್ಕೆ ಕುದುರೆಲಾಳದ ಹಾಗೆ ಸುತ್ತಿ ಬರುತ್ತಿತ್ತು. ಆ ವರ್ಷ ಗುಡ್ಡದ ದರೆ ಕಡಿದು ಆ ಸುತ್ತನ್ನೇ ತೆಗೆದು ರಸ್ತೆ ನೇರ ಮಾಡಿದ್ದರು. ಹಳೇ ಸುತ್ತು ಪಕ್ಕದಲ್ಲಿ ಹಾಗೇ ಬಿದ್ದಿತ್ತು, ಮೇಲೆ ಜಲ್ಲಿ ರಾಶಿ ಹಾಕಿಕೊಂಡು. ನಾನು ತಲೆತಗ್ಗಿಸಿ ಕೊನೆಯ ಹಾಳೆಯ ಲೆಕ್ಕ ಮಾಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಕಾರು ಹೊಸ ರಸ್ತೆ ಬಿಟ್ಟು ಇಲ್ಲದ ತಿರುವಿಗೆ ತಿರುಗಿತ್ತು. ನಾನು ಕಿರುಚಿದೆ. ಬ್ರೇಕು ಹಾಕಿದರು. ಕಾರಿನ ಮೂತಿ ಜಲ್ಲಿಗೆ ಒರಗಿ ನಿಂತಿತು.

"ಅಭ್ಯಾಸ ಬಲ ಮಾರಾಯ್ತಿ" ಅಂದು ನಕ್ಕರು. ಹಣೆ ಪೂರ್ತಿ ಬೆವರು. ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ತಿರುಗಿದ ತಿರುವು, ಕೈ ತಾನಾಗಿ ತಿರುಗಿದೆ, ಅದರಲ್ಲೇನು ಅಂದುಕೊಂಡೆ. ಹೊಸ ರಸ್ತೆ ಹಗಲಿನಲ್ಲಿ, ಕಪ್ಪಗೆ, ಕಣ್ಣಿಗೆ ರಾಚುವ ಹಾಗೆ ಮುಂದೆ ಬಿದ್ದಿತ್ತಲ್ಲ ಅನ್ನುವುದು ಆಗ ಹೊಳೆಯಲಿಲ್ಲ. ಹೊಳೆಯುವುದು ಬೇಕೂ ಇರಲಿಲ್ಲ ಅಂತ ಕಾಣುತ್ತದೆ.

ಅಷ್ಟಾದರೂ ಹವ್ಯಾಸಿಗಳಲ್ಲಿ ನಾವೇ ಮೊದಲು. ಮೈಕಿನಲ್ಲಿ ಇಬ್ಬರ ಹೆಸರನ್ನೂ ಕೂಗಿದರು. ನನ್ನ ಹೆಸರನ್ನು ಮೈಕಿನಲ್ಲಿ ಯಾರಾದರೂ ಕೂಗಿದ್ದು ಅದೇ ಮೊದಲು, ಅದೇ ಕೊನೆ. ಗೆದ್ದ ಕಪ್ಪನ್ನು ನನ್ನ ಕೈಗೆ ಕೊಟ್ಟರು. ಮನೆಗೆ ಬಂದು ಅದನ್ನು ದೇವರ ಮುಂದಿಡಲೋ, ಟಿವಿಯ ಮೇಲಿಡಲೋ ತಿಳಿಯದೆ ಅಡಿಗೆಮನೆಯಲ್ಲಿ ಉಪ್ಪಿನ ಭರಣಿಯ ಪಕ್ಕದಲ್ಲಿಟ್ಟೆ. ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳಲಿ ಅಂತ.

ತಿಂಗಳಾಗುವಷ್ಟರಲ್ಲಿ ಕಾಗದ ಬಂತು. ಹವ್ಯಾಸಿಗಳ ರಾಷ್ಟ್ರಮಟ್ಟದ ಸ್ಪರ್ಧೆ, ಪುಣೆಯಿಂದ ಆಚೆ ಯಾವುದೋ ಘಟ್ಟದಲ್ಲಿ, ಮೂರು ದಿನ. ಬೇರೆ ಬೇರೆ ರಾಜ್ಯಗಳಲ್ಲಿ ಗೆದ್ದವರಿಗೆ ಮಾತ್ರ ಕರೆ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು, ಜೊತೆಗೆ ಓಡಿಸುವವರ ಕಣ್ಣು ಮತ್ತು ಮೈ ಸರಿಯಿದೆ ಅಂತ ಡಾಕ್ಟರ ಸರ್ಟಿಫಿಕೇಟು.

ಕಾಗದವನ್ನು ನನ್ನ ಕೈಯಲ್ಲೇ ಎರಡು ಸಲ ಓದಿಸಿದರು. ಆಮೇಲೆ, "ನೀ ಹೂಂ ಅಂದ್ರೆ ಹೋಗಣ. ನೀ ಬ್ಯಾಡ ಅಂದ್ರೆ ಬ್ಯಾಡ" ಅಂದು ಎದ್ದುಹೋದರು.

ನನಗೆ ಹೋಗಬೇಕಿತ್ತು. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಅವರಿಗಿಂತ ಹೆಚ್ಚು ನನಗೇ ಹೋಗಬೇಕಿತ್ತು. ಧರ್ಮಸ್ಥಳ, ಶಿವಮೊಗ್ಗ ಬಿಟ್ಟು ಬೇರೆ ಊರು ನೋಡದವಳು. ಹೆಲ್ಮೆಟ್ಟಿನೊಳಗೆ ಜಡೆ ತುರುಕಿಕೊಂಡು ಹಾಳೆ ಹಿಡಿದು ಕೂತರೆ ನಾನು ಬೇರೆಯೇ ಯಾರೋ ಆಗುತ್ತಿದ್ದೆ. ಅಕ್ಕಪಕ್ಕದವರಿಗೆಲ್ಲ ಅವತ್ತೇ ಹೇಳಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಅದೇ ಬುದ್ಧಿ.

ಸರ್ಟಿಫಿಕೇಟಿಗೆ ಪೇಟೆಯ ಡಾಕ್ಟರ ಷಾಪಿಗೆ ಹೋದೆವು. ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಒಳಗಿನ ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಬೋರ್ಡು, ಕನ್ನಡ ಅಕ್ಷರದ್ದು, ಮೇಲೆ ದೊಡ್ಡವು, ಕೆಳಗೆ ಹೋದ ಹಾಗೆ ಸಣ್ಣವು, ಒಟ್ಟು ಆರು ಸಾಲು.

"ಆ ಬೋರ್ಡಲ್ಲಿ ಎಂತ ಬರ್ದಿದಾರೆ?" ಅಂದರು.

"ಅಕ್ಷರ. ಕಣ್ಣು ನೋಡೋಕೆ."

"ನಿಂಗೆ ಎಲ್ಲಿತನಕ ಕಾಣ್ತದೆ ಓದು ನೋಡಣ. ನಿನ್ ಕಣ್ಣೂ ಪರೀಕ್ಷೆ ಆಗ್ಲಿ."

ನಾನು ಹುರುಪಿನಿಂದ ಓದಿದೆ. ನನ್ನ ಕಣ್ಣು ಆಗ ಚೆನ್ನಾಗಿತ್ತು. ಬಾಗಿಲಿಗೆ ಕಟ್ಟಿದ ಪರದೆಯ ತುದಿಯೊಂದು ಸಿಕ್ಕಿಕೊಂಡು, ನಾವು ಕೂತ ಕಡೆಯಿಂದ ನಾಲ್ಕನೆಯ ಸಾಲು ಮರೆಯಾಗಿತ್ತು. ಅದೊಂದು ಬಿಟ್ಟು ಉಳಿದದ್ದೆಲ್ಲ ಓದಿದೆ. "ಇನ್ನೊಂದ್ಸಲ ಓದು, ತಪ್ಪಿಲ್ದೆ" ಅಂದರು. ಇನ್ನೊಂದು ಸಲ ಓದಿದೆ.

ಒಳಗೆ ಕರೆದರು. ಕಂಪೌಂಡರ್ ಇವರ ಬಸ್ಸಿನಲ್ಲೇ ವರ್ಷಗಟ್ಟಲೆ ಓಡಾಡಿದವನು. ಅವನು ಅಕ್ಷರ ತೋರಿಸುವ ಕೋಲು ಎತ್ತುವ ಮೊದಲೇ ಇವರು ಬಲಗಣ್ಣು ಮುಚ್ಚಿ ಮೇಲಿನಿಂದ ಕೆಳಗೆ ಪಟಪಟನೆ ಓದಿದರು. ಎಡಗಣ್ಣು ಮುಚ್ಚಿ ಮತ್ತೆ ಅಷ್ಟೇ ಬೇಗ ಓದಿದರು. ಎರಡು ಸಲವೂ ನಾಲ್ಕನೆಯ ಸಾಲು ಇರಲಿಲ್ಲ.

"ಎಂತ ಡ್ರೈವರಣ್ಣ, ಮಧ್ಯದಲ್ಲೊಂದು ಸ್ಟಾಪ್ ಬಿಟ್ರಲ" ಅಂತ ಕಂಪೌಂಡರ್ ನಕ್ಕ.

"ಎಕ್ಸ್‌ಪ್ರೆಸ್ ಅಲ್ವನ" ಅಂತ ಇವರೂ ನಕ್ಕರು. ಕೊನೆಯ ಸಾಲನ್ನೇ ಓದಿದ ಮನುಷ್ಯನಿಗೆ ನಾಲ್ಕನೆಯದು ಕಾಣುವುದಿಲ್ಲವೇ ಅಂತ ಅವನು ಸರಿಯಿದೆ ಅಂತ ಬರೆದ. ಡಾಕ್ಟರು ಸಹಿ ಮಾಡಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ನೋಡಿದರೆ ಆ ಪರದೆ ಎಲ್ಲಿಯೂ ಅಡ್ಡವಿರಲಿಲ್ಲ. ಆರು ಸಾಲೂ ಬೆಳಕಿನಲ್ಲಿ ಹೊಳೆಯುತ್ತಿದ್ದವು. ಅವರು ಓದಿದ್ದು ಬೋರ್ಡನ್ನಲ್ಲ, ನನ್ನನ್ನು. ಸೀತೂರಿನ ಜಲ್ಲಿ ರಾಶಿ ನೆನಪಾಯಿತು. ಕಾಗದ ನನ್ನ ಕೈಯಲ್ಲಿ ಎರಡು ಸಲ ಓದಿಸಿದ್ದು, ತಟ್ಟೆಯಲ್ಲಿ ಉಪ್ಪಿನಕಾಯಿ ಎಲ್ಲಿದೆ ಅಂತ ಬೆರಳಲ್ಲಿ ತಡಕುತ್ತಿದ್ದುದು, ಬೇರೆಯವರು ಪಕ್ಕದಲ್ಲಿ ಕೂರುವುದು ಬೇಡ ಅಂದದ್ದು. ಎಲ್ಲ ಒಂದೇ ಸಲಕ್ಕೆ ನೆನಪಾಯಿತು.

ಮನೆಗೆ ಅದೇ ಕಾರಿನಲ್ಲಿ ಬಂದೆವು. ಮೂರೇ ಮೈಲಿ. ಎದುರಿಗೆ ಲಾರಿ, ಎಡಕ್ಕೆ ಸೈಕಲ್, ಅಂತ ಎಂದಿನ ಹಾಗೇ ಹೇಳಿದೆ. ಅದೇ ಮಾತುಗಳು, ಆದರೆ ಈ ಸಲ ಒಂದನ್ನೂ ಬಿಡಲಿಲ್ಲ.

ಈಗ ನಾನು ಹೇಳಬೇಕಾದದ್ದು ನನಗೇ ನಾಚಿಕೆಯ ವಿಷಯ. ಗೊತ್ತಾದ ಮೇಲೂ ನಾನು ಬೇಡ ಅನ್ನಲಿಲ್ಲ. ಎರಡು ದಿನ ಬಾಯಿ ಮುಚ್ಚಿಕೊಂಡು ಲೆಕ್ಕ ಹಾಕಿದೆ. ಮೂರು ವರ್ಷ ಇಲ್ಲಿನ ರಸ್ತೆ ಹೇಳಿದವಳಿಗೆ ಅಲ್ಲಿನ ರಸ್ತೆ ಹೇಳಲಾಗುವುದಿಲ್ಲವೇ? ಸ್ವಲ್ಪ ಮುಂಚಿತವಾಗಿ ಹೇಳಿದರಾಯಿತು. ಕಣ್ಣು ನನ್ನದು, ಕೈಕಾಲು ಅವರದು. ಮೂರೇ ದಿನ. ಸರ್ಟಿಫಿಕೇಟೂ ಇದೆ. ಹೀಗೆ ಯೋಚಿಸುತ್ತಾ ಹೊಸ ಸೀರೆಗೆ ಫಾಲ್ ಕೂಡ ಹೊಲಿದೆ. ಉಪ್ಪಿನ ಭರಣಿಯ ಪಕ್ಕದ ಕಪ್ಪು ನನ್ನ ತಲೆ ಕೆಡಿಸಿತ್ತು. ಆಸೆ ಅನ್ನುವುದು ಕಣ್ಣಿದ್ದವರನ್ನೂ ಕುರುಡು ಮಾಡುತ್ತದೆ ಅಂತ ಅಮ್ಮ ಹೇಳುತ್ತಿದ್ದಳು, ನನಗೇ ಹೇಳಿದ ಹಾಗಿತ್ತು.

ಮೂರನೆಯ ದಿನ ದಾರ ತರುವ ನೆವದಲ್ಲಿ ಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋದೆ. ಇವರ ಜೊತೆ ಕೊನೆಯ ಹತ್ತು ವರ್ಷ ಕಂಡಕ್ಟರ್ ಆಗಿದ್ದವನು ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದ. ನನ್ನನ್ನು ಕಂಡು, "ಏನ್ ಅತ್ತಿಗೆ, ಪುಣೆಗೆ ಹೊರಟ್ರಂತೆ" ಅಂದ. ಅವನ ಮುಖದಲ್ಲಿ ಖುಷಿ ಕಾಣಲಿಲ್ಲ.

"ಅವ್ರ ಬೆನ್ನಿಗೆ ಎಂತ ಆಗಿತ್ತು, ನಿಜ ಹೇಳು" ಅಂದೆ.

ಟೀ ಲೋಟ ಕೆಳಗಿಟ್ಟ. ಅತ್ತಿತ್ತ ನೋಡಿದ. "ಬೆನ್ನಿಗೆ ಎಂತದೂ ಆಗಿರ್ಲಿಲ್ಲ ಅತ್ತಿಗೆ. ಕೊನೆ ವರ್ಷ ನಾ ಹಿಂದಿನ ಬಾಗ್ಲಿಗೆ ಹೋಗ್ತಾನೇ ಇರ್ಲಿಲ್ಲ. ಮುಂದೆ ಮೆಟ್ಲಲ್ಲೇ ನಿಂತು ರಸ್ತೆ ಹೇಳ್ತಿದ್ದೆ. ಜನ ಅಂದ್ಕಂಡ್ರು ನಂಗೆ ಅಹಂಕಾರ ಅಂತ."

ಒಂದು ದಿನ ಹರಿಹರಪುರದ ಹತ್ತಿರ ಹೆಂಗಸೊಬ್ಬಳು ಕೂಸು ಎತ್ತಿಕೊಂಡು ಕೈ ಅಡ್ಡ ಹಿಡಿದಿದ್ದಳಂತೆ. ಇವನು ಒಳಗೆ ಯಾರಿಗೋ ಟಿಕೆಟ್ ಕೊಡುತ್ತಿದ್ದ. ಬಸ್ಸು ಅವಳ ಛತ್ರಿಯನ್ನು ಸವರಿಕೊಂಡು ಹೋಯಿತು. ಛತ್ರಿ ಮುರಿಯಿತು, ಅಷ್ಟೇ. ಅವಳು ಬೈದಳು, ಜನ ನಕ್ಕರು. ಅವತ್ತೇ ಸಂಜೆ ಇವರು ಮಾಲೀಕರ ಮನೆಗೆ ಹೋಗಿ ಕೀ ಕೊಟ್ಟು ಬಂದರು.

"ಐವತ್ತು ಜನ ಕೂತಿರ್ತಾರೆ ಮಾರಾಯ, ಅಷ್ಟು ಜನದ ಜೀವ ಇಟ್ಕಂಡು ನಂಗೆ ಆಗಲ್ಲ ಅಂದ್ರು. ಯಾರಿಗೂ ಹೇಳಲ್ಲ ಅಂತ ನನ್ ಹತ್ರ ಆಣೆ ಹಾಕ್ಸಿದ್ರು" ಅಂದ. "ನಿಮಗೆ ಗೊತ್ತಿರ್ತದೆ ಅಂದ್ಕಂಡಿದ್ದೆ ಅತ್ತಿಗೆ. ಪಕ್ದಲ್ಲೇ ಕೂರ್ತೀರಲ."

ದಾರ ತರುವುದನ್ನು ಮರೆತು ಮನೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಅಳು ಬರಲಿಲ್ಲ, ಸಿಟ್ಟು ಬಂತು. ಎಷ್ಟು ದೊಡ್ಡ ಮನಸ್ಸು! ಯಾರೋ ಐವತ್ತು ಜನರ ಜೀವಕ್ಕೆ ಹೆದರಿ ಹೊಟ್ಟೆಪಾಡಿನ ಕೆಲಸ ಬಿಟ್ಟವರು, ನನ್ನೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ವರ್ಷ ಊರೆಲ್ಲ ಸುತ್ತಿದರು. ಐವತ್ತಕ್ಕೆ ಆಗದ್ದು ಒಂದಕ್ಕೆ ಆಯಿತು. ಹೆಂಡತಿ ಹೋದರೆ ಹೋಗಲಿ, ಕೇಳುವವರು ಯಾರು?

ಮಾರನೇ ದಿನ ನಾನೇ ಅಂದೆ. "ಪುಣೆ ರಸ್ತೆ ನೀವು ನೋಡ್ದೇ ಇರೋ ರಸ್ತೆ. ಗುರುತಿಲ್ದೇ ಇರೋ ಕಡೆ ಒಂದ್ಸಲ ಓಡ್ಸಿ ನೋಡಣ."

ಅವರು ಹೂಂ ಅಂದರು. ನರಸಿಂಹರಾಜಪುರದಿಂದ ಭದ್ರಾ ಹಿನ್ನೀರಿನ ಕಡೆ ಹೋಗುವ ಒಂದು ಒಳರಸ್ತೆ ಇದೆ. ಬಸ್ಸು ಹೋಗದ ರಸ್ತೆ, ಹಾಗಾಗಿ ಇವರ ತಲೆಯಲ್ಲಿ ಇಲ್ಲದ ರಸ್ತೆ. ಮಧ್ಯಾಹ್ನದ ಹೊತ್ತು, ಬೇಸಿಗೆ, ಕೆಂಪು ಧೂಳು. ಒಂದೆರಡು ಮೈಲಿ ಹೇಳುತ್ತಾ ಹೋದೆ. ಸರಿಯಾಗಿಯೇ ಓಡಿಸಿದರು. ಆಮೇಲೆ ನೇರವಾದ ರಸ್ತೆಯೊಂದು ಸಿಕ್ಕಿತು. ಎದುರಿಗೆ ಒಂದು ನರಪಿಳ್ಳೆ ಇಲ್ಲ, ದನ ಇಲ್ಲ, ಹೊಂಡ ಇಲ್ಲ. ಕಣ್ಣಳತೆಯಷ್ಟೂ ಖಾಲಿ.

ನಾನು ಬಾಯಿ ಮುಚ್ಚಿದೆ.

ಸ್ವಲ್ಪ ದೂರ ಅದೇ ವೇಗದಲ್ಲಿ ಹೋದರು. "ಹೂಂ?" ಅಂದರು. ನಾನು ಸುಮ್ಮನಿದ್ದೆ. ಕಾಲು ಆಕ್ಸಿಲರೇಟರಿನಿಂದ ಮೇಲೆ ಬಂತು. "ಎಂತ, ಖಾಲಿಯಾ ರಸ್ತೆ?" ಅಂದರು. ನನ್ನ ಕೈ ಸೀಟಿನ ಅಂಚನ್ನು ಹಿಡಿದಿತ್ತು, ಆದರೂ ಮಾತಾಡಲಿಲ್ಲ. ಕಾರು ಎತ್ತಿನಗಾಡಿಯ ಹಾಗೆ ಆಯಿತು. ಆಮೇಲೆ ಆ ನೇರವಾದ, ಖಾಲಿಯಾದ ರಸ್ತೆಯ ನಟ್ಟನಡುವೆ ನಿಂತಿತು.

ಎಂಜಿನ್ ಆಫ್ ಮಾಡಿದರು. ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇತ್ತು.

"ಯಾವಾಗ ಗೊತ್ತಾತು?" ಅಂದರು.

"ಬೋರ್ಡಲ್ಲಿ. ನಾ ಬಿಟ್ಟ ಸಾಲನ್ನೇ ಬಿಟ್ರಿ ನೀವು."

ತಲೆ ಆಡಿಸಿದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಲ್ಲಿ ಮಬ್ಬಾಗಿ ಸ್ವಲ್ಪ ಇದೆ, ಅದೂ ಹೋಗುತ್ತದೆ. ಕಣ್ಣಿನ ನರ ಒಣಗಿದೆ, ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಅಂತ ದೊಡ್ಡಾಸ್ಪತ್ರೆಯಲ್ಲಿ ಅವತ್ತೇ ಹೇಳಿದ್ದರಂತೆ. ಬೆಳೆಯ ರೇಟು ಹೇಳಿದ ಹಾಗೆ ಹೇಳಿದರು.

"ಹೋಗೋದು ಬ್ಯಾಡ" ಅಂದೆ.

"ಹೂಂ."

"ನಂಗೇ ಹೆದ್ರಿಕೆ ಅಂತೀನಿ ಜನಕ್ಕೆ."

"ಹೂಂ" ಅಂದರು. ಆ ಹೂಂನಲ್ಲಿ ನಿರಾಳವಿತ್ತು. ಕೇಳಿದರೆ ಗೊತ್ತಾಗುತ್ತದೆ. ನಾನು ಬೇಡ ಅನ್ನಲಿ ಅಂತ ಅಷ್ಟು ದಿನ ಕಾದಿದ್ದರು, ಅನ್ನದಿದ್ದರೆ ಹೊರಟೇಬಿಡುತ್ತಿದ್ದರು. ಅದು ಗೊತ್ತಾಗಿ ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಎರಡು ದಿನ ಫಾಲ್ ಹೊಲಿಯುತ್ತಾ ನಾನೂ ಹೊರಟಿದ್ದವಳೇ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

"ಐವತ್ತು ಜನಕ್ಕೆ ಹೆದ್ರಿ ಬಸ್ಸು ಬಿಟ್ರಂತಲ್ಲ" ಅಂದೆ. "ಕಂಡಕ್ಟರ್ ಎಲ್ಲ ಹೇಳ್ದ. ನಾನೊಬ್ಳು ಕೂತಾಗ ಯಾಕೆ ಹೆದ್ರಿಕೆ ಆಗ್ಲಿಲ್ಲ ನಿಮಗೆ? ನನ್ ಜೀವ ಜೀವ ಅಲ್ವ?"

ನನ್ನ ಕಡೆ ತಿರುಗಿದರು. ಮುಖ ನನ್ನ ಕಡೆ ಇತ್ತು, ಕಣ್ಣು ನನ್ನ ಕಿವಿಯ ಹತ್ತಿರ ಎಲ್ಲೋ ನೋಡುತ್ತಿತ್ತು.

"ಬಸ್ಸಲ್ಲಿ ನೀ ಇರ್ಲಿಲ್ವಲ" ಅಂದರು.

ಅದನ್ನು ಪ್ರೀತಿ ಅನ್ನಲೋ, ಸ್ವಾರ್ಥ ಅನ್ನಲೋ ಅಂತ ಅವರಿದ್ದಾಗಲೂ ಯೋಚಿಸಿದೆ, ಅವರು ಹೋದ ಮೇಲೂ ಯೋಚಿಸಿದೆ.

ಬಿಸಿಲು ಕಾರಿನ ಮೇಲೆ ಹೊಡೆಯುತ್ತಿತ್ತು. ಅರ್ಧ ಗಂಟೆ ಕೂತಿದ್ದೆವೇನೋ. ಯಾರಾದರೂ ಬರುತ್ತಾರೆ, ಕಾರು ತೆಗೆದುಕೊಂಡು ಹೋಗಲು ಕೇಳೋಣ ಅಂತ ಕಾದೆ. ಯಾರೂ ಬರಲಿಲ್ಲ. ಮನೆ ಅಲ್ಲಿಂದ ಹದಿನೆಂಟು ಮೈಲಿ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಇನ್ನು ಯಾವತ್ತೂ ಮಾಡುವುದಿಲ್ಲ ಅಂತ ಈಗಷ್ಟೇ ತೀರ್ಮಾನ ಮಾಡಿದ ಕೆಲಸವನ್ನು ಮಾಡದೆ ನಮಗೆ ಮನೆ ಸೇರಲು ಬೇರೆ ದಾರಿ ಇರಲಿಲ್ಲ.

"ಹೇಳು" ಅಂದರು, ಕೀ ತಿರುಗಿಸಿ.

ಹೇಳಿದೆ. ಹಿಂದೆ ತಗೊಳ್ಳಿ, ಬಲಕ್ಕೆ ಪೂರ್ತಿ, ಸಾಕು. ಮೆಲ್ಲ. ಎದುರು ಬೈಕು. ಹೋಯ್ತು. ಎಡಕ್ಕೆ ಹೆಂಗಸರು, ಮೂವರು, ಹುಲ್ಲಿನ ಹೊರೆ. ಇಷ್ಟು ದಿನ ಹರಟೆ ಅಂದುಕೊಂಡು ಆಡಿದ ಮಾತುಗಳಲ್ಲಿ ಎಷ್ಟು ಜನರ ಜೀವ ಕೂತಿತ್ತು ಅಂತ ಆಗ ತಿಳಿಯಿತು. ಸೀತೂರಿನ ಆ ಹೊಸ ನೇರ ರಸ್ತೆ ಬಂದಾಗ, "ಇಲ್ಲಿ ತಿರುವಿಲ್ಲ. ನೇರ. ನೇರ" ಅಂತ ಎರಡು ಸಲ ಹೇಳಿದೆ. ಅವರ ಕೈ ಬಲಕ್ಕೆ ಸ್ವಲ್ಪ ಎಳೆಯಿತು, ಆಮೇಲೆ ನನ್ನ ಮಾತು ಕೇಳಿತು.

ಮನೆಯ ತಿರುವು ಬಂತು. ಅಲ್ಲಿ ನಾನು ಏನೂ ಹೇಳಬೇಕಾಗಲಿಲ್ಲ. ಅದು ಅವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ಹೊಡೆಯುತ್ತಿದ್ದ ಹಾಗೆಯೇ ಎರಡು ಸಲ ಹಾರ್ನ್ ಹೊಡೆದರು. ಅನ್ನಕ್ಕಿಡಲು ಒಳಗೆ ಯಾರೂ ಇರಲಿಲ್ಲ.